ತೊಂಬತ್ತೇಳು ಉಳಿದ ಬ್ಯಾಟರಿ

ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮಿಂಗ್ ಸಾಧನ ಒಂದಕ್ಕೆ ರಿಪೇರಿಯ ಮೆಟ್ಟಿಲಕ್ಕನ ಹದಿನೆಂಟು ದಿನದ ದುಡಿಮೆ ಬೇಕು. ಹೊಸ ಬ್ಯಾಟರಿಗೆ ಮೂರು ದಿನದ್ದು. ಅದನ್ನು ವಿಂಡೋಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಡೆಸಿದರೆ ಒಂದು ಚಾರ್ಜಿಗೆ ಎರಡು ಗಂಟೆ ಹತ್ತು ನಿಮಿಷ ಆಟ. ಅದರ ಬದಲು ಲಿನಕ್ಸ್ ನಡೆಸಿದರೆ ನಾಲ್ಕು ಗಂಟೆಗೆ ಐದೇ ನಿಮಿಷ ಕಡಿಮೆ. ತಮ್ಮನ ಡಯಾಲಿಸಿಸ್‌ಗೆ ಹಿಡಿಯುವುದು ನಾಲ್ಕು ಗಂಟೆ. ವಾರ್ಡಿನ ಪ್ಲಗ್ಗುಗಳನ್ನು ರೋಗಿಗಳು ಮುಟ್ಟುವ ಹಾಗಿಲ್ಲ, ಪವರ್ ಬ್ಯಾಂಕನ್ನು ಒಳಗೆ ಬಿಡುವುದಿಲ್ಲ. ಈ ಲೆಕ್ಕ ಮೆಟ್ಟಿಲಕ್ಕನಿಗೆ ಬಾಯಿಪಾಠ.

ಬೆಳಗಿನ ಐದು ಗಂಟೆ. ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗೆ ಆಗಲೇ ದೀಪ ಉರಿಯುತ್ತಿದೆ. ಅಂಗಡಿ ಎಂದರೆ ಒಂದು ಮೇಜು, ಒಂದು ಸ್ಟೂಲು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಹಾಗಾಗಿಯೇ ಮೆಟ್ಟಿಲಕ್ಕ ಎಂಬ ಹೆಸರು. ಐವತ್ತರ ಆಸುಪಾಸಿನ ಈ ಹೆಂಗಸು ಒಂದು ಸಾಧನದ ಬೆನ್ನು ಬಿಚ್ಚಿ, ಎಂಟು ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅಯಸ್ಕಾಂತದ ತಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಾರೆ.

"ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದ್ರೆ ಪರದೆಗೇ ಚುಚ್ಕೊಳ್ಳುತ್ತೆ. ಮದುವೆ ಇದ್ದ ಹಾಗೆ, ಜೋಡಿ ತಪ್ಪಿದ್ರೆ ಒಳಗೊಳಗೇ ತೂತು," ಎನ್ನುತ್ತಾರೆ, ತಲೆ ಎತ್ತದೆ.

ಆರೂವರೆಗೆ ತಮ್ಮನನ್ನು ಆಸ್ಪತ್ರೆಯಲ್ಲಿ ಮಲಗಿಸಬೇಕು. ಅಷ್ಟರೊಳಗೆ ಎರಡು ರಿಪೇರಿ ಮುಗಿಯಬೇಕು. ದಿನಕ್ಕೆ ಆರು ಬಂದರೆ ಅದು ಒಳ್ಳೆಯ ದಿನ. ಸವೆದ ಗುಂಡಿ, ಒಡೆದ ಪರದೆ, ಉಬ್ಬಿದ ಬ್ಯಾಟರಿ. ಓದು ಏಳನೆಯ ತರಗತಿಗೆ ನಿಂತಿತು. ಚಾರ್ಜರ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೆಸುಗೆ ಹಾಕಿದರು; ಕಾರ್ಖಾನೆ ಮುಚ್ಚಿದಾಗ ಕೈಯಲ್ಲಿ ಉಳಿದದ್ದು ಬೆಸುಗೆ ಕಡ್ಡಿ ಮತ್ತು ಸದಾ ನೀರು ಸುರಿಸುವ ಬಲಗಣ್ಣು. ಪರದೆಯ ಮೇಲಿನ ಪಟ್ಟಿಗಳನ್ನು ಅವರು ಓದುವುದಿಲ್ಲ, ಜಾಗ ನೆನಪಿಟ್ಟುಕೊಳ್ಳುತ್ತಾರೆ: ಮೂರನೇ ಸಾಲು, ಕೆಳಗಿನ ಗುಂಡಿ.

ತಮ್ಮನಿಗೆ ಮೂವತ್ತನಾಲ್ಕು. ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಮೂತ್ರಪಿಂಡ ಕೈಕೊಟ್ಟ ಮೇಲೆ ಕೆಲಸ ಹೋಯಿತು. ಅಕ್ಕನ ಮೂತ್ರಪಿಂಡ ಹೊಂದುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ವಾರಕ್ಕೆ ಮೂರು ಸಲ ಎಡಗೈಗೆ ಸೂಜಿ. ಆ ತೋಳು ಅಲುಗಬಾರದು, ಹೆಬ್ಬೆರಳು ಮಾತ್ರ ಆಡಬಹುದು. ಅದಕ್ಕೆಂದೇ ಮೆಟ್ಟಿಲಕ್ಕ ಹಳೆಯ ದಿಂಬು ಕತ್ತರಿಸಿ, ಸಾಧನ ಕೂರುವಂಥ ಮೆತ್ತೆ ಹೊಲಿದುಕೊಟ್ಟರು.

ತಮ್ಮ ಆಡುತ್ತಿದ್ದುದು ಒಂದೇ ಆಟ, ನಾಲ್ವರ ತಂಡದ್ದು. ಉಳಿದ ಮೂವರು ಹಳೆಯ ಸಹೋದ್ಯೋಗಿಗಳು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಮುನ್ನ, ಕಂಪನಿಯ ಕೋಣೆಯಲ್ಲಿ ಕೂತು ಆಟಕ್ಕೆ ಸೇರುತ್ತಿದ್ದರು. ಆದರೆ ಎರಡು ಗಂಟೆಗೆಲ್ಲ ತಮ್ಮನ ಪರದೆ ಕಪ್ಪಾಗುತ್ತಿತ್ತು.

"ಮಿಕ್ಕಿದ ಹೊತ್ತು ಏನ್ ಮಾಡ್ತೀಯೋ ಅಂದ್ರೆ, ಚಾವಣಿ ನೋಡ್ತೀನಿ ಅಂತಿದ್ದ. ಅವನು ಮಲಗಿದ್ದಾಗ ವಿಂಡೋಸ್ ಅಳಿಸಿ ಲಿನಕ್ಸ್ ಹಾಕ್ಬಿಟ್ಟೆ. ಎರಡೂ ಇಡೋಣ ಅಂದ್ರೆ ಅದ್ರಲ್ಲಿ ಜಾಗ ಇಲ್ಲ. ಕೇಳ್ಲಿಲ್ಲ. ಖುಷಿಪಡ್ತಾನೆ ಅನ್ಕೊಂಡೆ."

ಮೋಸದ ಆಟ ತಡೆಯಲು, ತಂಡವಾಗಿ ಆಡುವ ಕೆಲವು ಆಟಗಳ ಒಳಗೆ ಒಂದು ಕಾವಲು ಇರುತ್ತದೆ. ಈ ಆಟದ ಕಾವಲು ಲಿನಕ್ಸನ್ನು ಬಾಗಿಲಲ್ಲೇ ತಡೆಯುತ್ತದೆ. ಮೆಟ್ಟಿಲಕ್ಕನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ತಮ್ಮ ಬಾಯಿ ಬಿಡಲಿಲ್ಲ. ಅಕ್ಕ ಅಷ್ಟು ಕಷ್ಟಪಟ್ಟು ಮಾಡಿದ್ದಾಳೆ, ನೊಂದುಕೊಳ್ಳುತ್ತಾಳೆ ಎಂದು. ಸ್ನೇಹಿತರಿಗೆ "ಸ್ವಲ್ಪ ದಿನ ಆಗಲ್ಲ" ಎಂದಷ್ಟೇ ಬರೆದರು.

ಇಲ್ಲಿ ರಿಪೇರಿಯವರು ಮಾತ್ರ ಮಾಡಬಹುದಾದ ತಪ್ಪೊಂದು ನಡೆಯಿತು. ಆಸ್ಪತ್ರೆಯಿಂದ ಬಂದ ತಕ್ಷಣ ಮೆಟ್ಟಿಲಕ್ಕ ಬ್ಯಾಟರಿ ನೋಡುತ್ತಿದ್ದರು. ಮೊದಲ ವಾರ ನೂರಕ್ಕೆ ನಲವತ್ತು ಉಳಿದಿತ್ತು. ಆಮೇಲೆ ಅರವತ್ತು, ಎಂಬತ್ತು. ಪರದೆಯ ಬೆಳಕು ತಗ್ಗಿಸಿ, ಸಾಧನದೊಳಗಿನ ಫ್ಯಾನಿನ ವೇಗ ಇಳಿಸಿದ್ದರಲ್ಲ, ಎಲ್ಲ ತನ್ನದೇ ಕೈಚಳಕ ಎಂದುಕೊಂಡರು. ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಂಡರು. ಏಳನೆಯ ವಾರ ತೊಂಬತ್ತೇಳು ಉಳಿದಿತ್ತು. ಆ ದಿನ ವಾರ್ಡಿನ ನರ್ಸ್‌ಗೂ ಅದನ್ನೇ ಹೇಳಿದರು.

"ಉಳೀದೆ ಏನಮ್ಮಾ? ಮೊದಮೊದ್ಲು ಬೇರೆ ಏನೇನೋ ಆಡ್ತಿದ್ರು, ಈಗ ಅವರು ಅದನ್ನ ಮುಟ್ಟೋದೇ ಇಲ್ವಲ್ಲ," ಎಂದರು ನರ್ಸ್. "ನಾಲ್ಕು ಗಂಟೆನೂ ಚಾವಣಿ ನೋಡ್ಕೊಂಡೇ ಇರ್ತಾರೆ."

ಅಕ್ಕ ಪಟ್ಟುಹಿಡಿದು ಕೇಳಿದಾಗ ತಮ್ಮ ಆ ಕಾವಲಿನ ವಿಷಯ ಹೇಳಿದರು. ಅಂದೇ ವಿಂಡೋಸ್ ಮರಳಿ ಬಂತು. ಆದರೆ ಅಷ್ಟರಲ್ಲಿ ತಂಡದ ನಾಲ್ಕನೆಯ ಜಾಗ ತುಂಬಿತ್ತು. ಲಿಫ್ಟ್ ಕಂಪನಿಯಲ್ಲಿ ತಮ್ಮನ ಕೆಲಸಕ್ಕೆ ಬಂದವನೇ ಆಟದಲ್ಲೂ ಆ ಜಾಗಕ್ಕೆ ಬಂದಿದ್ದ. ಕಾಯಿಲೆ ಜೋರಾಗಿದೆ ಎಂದು ಭಾವಿಸಿದ ಸ್ನೇಹಿತರು ಪ್ರೀತಿಯಿಂದಲೇ ಉತ್ತರ ಬರೆದಿದ್ದರು: "ನೀನು ರೆಸ್ಟ್ ತಗೋ ಅಣ್ಣ."

ಮಾತಿನ ನಡುವೆ ಗಿರಾಕಿಯೊಬ್ಬರು ಬಗ್ಗಿ ಇಣುಕುತ್ತಾರೆ. "ಅಕ್ಕಾ, ಎಲ್ರೂ ಲಿನಕ್ಸೇ ಚೆನ್ನ ಅಂತಿದಾರೆ. ನನಗೂ ಹಾಕ್ಬಿಡಿ."

"ಎಲ್ರೂ ಅಂದ್ರೆ ಯಾರು? ನಿಮ್ ಜೊತೆ ಆಡೋಕೆ ಬರೋರಾ?"

"ಅಲ್ಲ, ಸುಮ್ನೆ ಹೇಳ್ತಾರೆ..."

"ಹೇಳೋರು ಬಿಡಿ. ಯಾವ ಆಟ ಆಡ್ತೀರಿ? ಯಾರ ಜೊತೆ? ಅದನ್ನ ಮೊದ್ಲು ಹೇಳಿ. ಆಮೇಲೆ ಸ್ಕ್ರೂ ಮುಟ್ತೀನಿ."

ಒಂಟಿಯಾಗಿ ಆಡುವವರಿಗೆ, ಬಸ್ಸಿನಲ್ಲಿ ಆಡುವವರಿಗೆ ಲಿನಕ್ಸನ್ನೇ ಹಾಕಿಕೊಡುತ್ತಾರೆ. ಅದರ ಮೇಲೆ ಅವರಿಗೆ ಸಿಟ್ಟಿಲ್ಲ. ಆದರೆ ಈ ಎರಡು ಪ್ರಶ್ನೆಗೆ ಉತ್ತರ ಸಿಗದೆ ಯಾರ ಸಾಧನವನ್ನೂ ಬಿಚ್ಚುವುದಿಲ್ಲ.

ಆರು ಗಂಟೆ. ಎಂಟನೆಯ ಸ್ಕ್ರೂ ಬಿಗಿದು, ದೀಪ ಆರಿಸಿ, ತಲೆ ತಗ್ಗಿಸಿ ಹೊರಬರುತ್ತಾರೆ. ಮೆತ್ತೆಯಿರುವ ಚೀಲ ಹೆಗಲಿಗೇರುತ್ತದೆ. ತಮ್ಮ ಈಗ ಆಡುತ್ತಾರೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಚಾರ್ಜ್ ಮಾಡಿ ಕಳಿಸ್ತೀನಿ, ಹಾಗೇ ವಾಪಸ್ ಬರುತ್ತೆ. ನಾನು ಉಳಿಸಿದ್ದು ಒಂದೂಮುಕ್ಕಾಲು ಗಂಟೆ ಬ್ಯಾಟರಿ. ಕಳೆದಿದ್ದು ಅವನ ಮೂರು ಜನ ಸ್ನೇಹಿತ್ರನ್ನ."