ಹೊಂಬಾಳಮ್ಮನ ಶನಿವಾರದ ಆಟೋ

ನನ್ನ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿ ಕೆಲವು ವಾರಗಳಾದವು. ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಹೊಂಬಾಳಮ್ಮನ ಕುರಿತ ಲೇಖನದ ನೆಪ ಮಾಡಿಕೊಂಡು ತಿಪಟೂರಿನ ಹತ್ತಿರದ ಅರಳಗುಪ್ಪೆಗೆ ಬಂದಿದ್ದೇನೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೋಟದ ಮನೆಯ ಅಂಗಳದಲ್ಲಿ ಹೊಂಬಾಳಮ್ಮ ಅಟ್ಟದಿಂದ ಇಳಿಸಿದ ಒಣ ತೆಂಗಿನಕಾಯಿಗಳ ಮುಂದೆ ಕೂತಿದ್ದಾರೆ. ಮಚ್ಚಿನ ಏಟಿಗೆ ಚಿಪ್ಪು ಹಾರುತ್ತದೆ, ಒಳಗಿನ ಉಂಡೆ ಕೊಬ್ಬರಿಗೆ ಗೀರೂ ಬೀಳುವುದಿಲ್ಲ. ದಿನಕ್ಕೆ ಸಾವಿರದ ಹತ್ತಿರ ಸುಲಿಯುತ್ತಾರಂತೆ.

ಈ ಕೆಲಸದವರಿಗೆ ಸಂಜೆಗೆ ರಟ್ಟೆ, ಎದೆ ಹಿಡಿದುಕೊಳ್ಳುವುದು ಮಾಮೂಲು. ಬಿಸಿ ಎಣ್ಣೆ ತಿಕ್ಕಿ ಮಲಗುತ್ತಾರೆ. ಹಿಂದೆ ತಮ್ಮ ಎದೆಯಲ್ಲಿ ಗಂಟು ಸಿಕ್ಕಾಗ ಹೊಂಬಾಳಮ್ಮ ಮಾಡಿದ್ದೂ ಅದನ್ನೇ. "ಮಚ್ಚು ಬೀಸಿ ನರ ಗಂಟಾಗೈತೆ ಅನ್ಕೊಂಡೆ. ನೋವೇ ಇರ್ನಿಲ್ಲ ನೋಡವ್ವ, ಎಣ್ಣೆ ಕೆಲ್ಸ ಮಾಡ್ತೈತೆ ಅಂತ ಖುಷಿ ನಂಗೆ."

ಆಮೇಲೆ ಅದು ಕ್ಯಾನ್ಸರ್ ಎಂದು ಗೊತ್ತಾಯಿತು, ಆಪರೇಷನ್ ಆಯಿತು, ಚಿಕಿತ್ಸೆಗೆ ಉದುರಿದ ಕೂದಲು ಮತ್ತೆ ಬಂತು. ತೆಗೆದ ಗಂಟಿನ ಚೂರೊಂದನ್ನು ಅಧ್ಯಯನಕ್ಕೆ ಕೊಡುತ್ತೀರಾ ಎಂದು ಸಂಶೋಧಕಿ ನಿಸರ್ಗ ಕೇಳಿದರು, ಇವರು ಒಪ್ಪಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಒಂದು ಪ್ರೋಟೀನ್ ಇದೆ. ಅದರ ಏರಿಳಿತ ಸ್ತನ ಕ್ಯಾನ್ಸರಿನ ಸುಳಿವು ಕೊಡಬಹುದೇ ಎಂದು ನಿಸರ್ಗ ಹುಡುಕುತ್ತಿದ್ದಾರೆ. ಸದ್ಯಕ್ಕೆ ಇದು ಅಧ್ಯಯನವಷ್ಟೇ, ಆಸ್ಪತ್ರೆಯಲ್ಲಿ ಸಿಗುವ ಪರೀಕ್ಷೆಯಲ್ಲ.

ಹೊಂಬಾಳಮ್ಮ ಅದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. "ಕಾಯಿ ಒಡೀದೇ ಅಲ್ಲಾಡ್ಸಿ, ಗಡಗಡ ಅಂದ್ರೆ ಕೊಬ್ರಿ ಆಗೈತೆ ಅಂತೀವಲ್ಲ, ಅಂಗೇ ಒಂದು ಗುರ್ತು ಹುಡುಕ್ತಾವ್ರೆ. ಸಿಕ್ಕಾಗ ಸಿಗ್ಲಿ. ಅಲ್ಲೀಗಂಟ ಡಾಕ್ಟ್ರ ಹತ್ರ ಹೋಗ್ಬೇಕು ಕಣವ್ವ."

ಅದಕ್ಕೇ ಪ್ರತಿ ಶನಿವಾರ ಕೆಲಸ ಬಿಟ್ಟು, ಸುತ್ತಿನ ಹಳ್ಳಿಯ ಹೆಂಗಸರನ್ನು ಕಲ್ಲೇಶನ ಆಟೋದಲ್ಲಿ ತಿಪಟೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಪಕ್ಕದಲ್ಲೇ ಸುಲಿಯುತ್ತಿರುವ ಭೂತಮ್ಮ, ಡಾಕ್ಟರು ಕಮಿಷನ್ ಎಷ್ಟು ಕೊಡ್ತಾರೆ ಕಣೇ ಎಂದು ಕೆಣಕುತ್ತಾರೆ. ನಿನ್ನ ಬಾಯಿಗೊಂದು ಬೀಗ ಕೊಡ್ತಾರೆ ಎಂದು ಇವರ ಉತ್ತರ. ಹೋದ ತಿಂಗಳು ಹೋಗಿಬಂದವರಲ್ಲಿ ಭೂತಮ್ಮನೂ ಒಬ್ಬರು. ಅವರದು ಬರೀ ನೀರುಗಂಟು, ಕ್ಯಾನ್ಸರಲ್ಲ.

ಗಂಟಿದ್ದವರಿಗೆ ಹೆದರಿಕೆ ಆಗುವುದಿಲ್ಲವಾ ಎಂದು, ಬೇರೆ ಯಾರದೋ ವಿಷಯ ಎಂಬಂತೆ ಕೇಳುತ್ತೇನೆ.

"ಆಗ್ದೆ ಇರ್ತದಾ? ಅದ್ಕೇ ಯಾರ್ನೂ ಒಬ್ರೇ ಕಳ್ಸಲ್ಲ. ಹೋದೋರಲ್ಲಿ ಮುಕ್ಕಾಲು ಜನಕ್ಕೆ ಏನೂ ಇರ್ನಿಲ್ಲ. ಇದ್ದೋರೂ ಬೇಗ ಹೋಗಿ ಗೆದ್ದವ್ರೆ."

ನಿಮಗೇನು ಆಸೆ ಎಂದರೆ, ಆಟೋ ಖಾಲಿ ಹೋಗಬಾರದು, ಅಷ್ಟೇ ಎನ್ನುತ್ತಾರೆ. ನಾಳೆ ಶನಿವಾರ, ಹೋಗಬೇಕಿದ್ದ ವಿಮಲಮ್ಮ ಬರಲ್ಲ ಎಂದಿದ್ದಾರಂತೆ, ಒಂದು ಸೀಟು ಉಳಿದಿದೆಯಂತೆ.

ನನ್ನ ಪ್ರಶ್ನೆಗಳು ಮುಗಿದಿವೆ. ಮಚ್ಚುಗಳ ಸದ್ದಿನಲ್ಲಿ ನಾನು ಮೊದಲ ಸಲ ಅಂದದ್ದು ಅವರಿಗೆ ಕೇಳಿಸುವುದಿಲ್ಲ. ಏನಂದ್ಯವ್ವ ಎಂದು ಕೈ ನಿಲ್ಲಿಸುತ್ತಾರೆ. ಭೂತಮ್ಮನೂ ನಿಲ್ಲಿಸುತ್ತಾರೆ.

"ಆ ಸೀಟು ನಂಗಿರ್ಲಿ, ಹೊಂಬಾಳಮ್ಮ. ನಂಗೂ ಒಂದು ಗಂಟಿದೆ."