ಮಿಂಚು ರಸ್ತೆಯಲ್ಲಿ ನಿಂತ ದಿನ

ಪರದೆ ಅಕ್ಕ ಕಾರು ಓಡಿಸಲು ಕಲಿತದ್ದು ಗಂಡನ ಕಿವಿಗೆ ಬೀಳದ ಹಾಗೆ. ಊರಿನ ಅರ್ಧ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟವಳಾದ್ದರಿಂದ ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅಂಗಡಿಯಲ್ಲಿ ಮಧ್ಯಾಹ್ನ ಬಿಡುವಾದಾಗ "ಬಟ್ಟೆ ನೋಡ್ಕೊಂಡು ಬರ್ತೀನಿ" ಎಂದು ಎದ್ದು, ಹಿಂದಿನ ಬೀದಿಯ ಡ್ರೈವಿಂಗ್ ಶಾಲೆಯ ಹಳೇ ಕಾರು ಹತ್ತುತ್ತಿದ್ದಳು. ಕಲಿಸುವ ಟೀಚರ್‌ಗೆ ಅವಳ ಮಗಳ ವಯಸ್ಸು.

"ಅಮ್ಮಾ, ಸ್ಟೀರಿಂಗನ್ನ ಕತ್ತು ಹಿಸುಕೋ ಹಾಗೆ ಹಿಡ್ಕೋಬೇಡಿ. ಅದೇನು ಮಾಡಿದೆ ನಿಮಗೆ?"

"ಮಾಡಿದ್ದು ಅದಲ್ಲ ಬಿಡು" ಎಂದಳು ಪರದೆ ಅಕ್ಕ.

ಮಾಡಿದ್ದು ಗಂಡ. ಅವನದು ಟೈರ್ ಅಂಗಡಿ. ಗೆಳೆಯರು ಅವನಿಗೆ ಇಟ್ಟ ಹೆಸರು ಮಿಂಚು. ಗೆಳೆಯರಲ್ಲೊಬ್ಬನ ಮನೆ ಸಮುದ್ರದ ದಂಡೆಯಲ್ಲಿತ್ತು. ವರ್ಷಕ್ಕೊಮ್ಮೆ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಅಲ್ಲಿ ಸೇರುತ್ತಿದ್ದರು. ಮೊದಲು ಬಂದು ಮುಟ್ಟಿದವನಿಗೆ ವರಾಂಡದ ದೊಡ್ಡ ಬೆತ್ತದ ಕುರ್ಚಿ. ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ಪರದೆ ಅಕ್ಕ ಕಂಡದ್ದೇ ಅಪರೂಪ. ಗಂಡ ಕಾಲು ಚಾಚಿ, ಎಲ್ಲಿ ಯಾವ ಲಾರಿಯನ್ನು ಹಿಂದೆ ಹಾಕಿದೆ ಎಂದು ಕೊಚ್ಚಿಕೊಳ್ಳುತ್ತಿದ್ದರೆ, ಅವಳು ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ನಗರದಿಂದ ಕಡಲಿನವರೆಗಿನ ಆ ಹಳೇ ಬೆಟ್ಟದ ರಸ್ತೆ ಇಡೀ ದಿನ ನೋಡಿದರೂ ಸಾಲದಂಥದ್ದು ಎಂದು ಜನ ಹೇಳುತ್ತಿದ್ದರು. ಅವಳಿಗೆ ಅದು ಗಾಜಿನ ಮೇಲೆ ಎಳೆದುಹೋದ ಹಸಿರು ಗೆರೆ, ಅಷ್ಟೆ. ಕೆರೆ ಬಂತು, ನಿಲ್ಲಿಸಿ ಎಂದರೆ "ಬರುವಾಗ ನಿಲ್ಸೋಣ." ಜಲಪಾತ ಬಂತು ಎಂದರೆ "ಬರುವಾಗ." ಬರುವಾಗ ಕತ್ತಲು.

ಜಲಪಾತ ಹೋದರೆ ಹೋಗಲಿ ಎಂದು ಅವಳು ಬಿಟ್ಟುಬಿಡುತ್ತಿದ್ದಳೋ ಏನೋ. ಬಿಡಲಾಗದ್ದು ದೊಡ್ಡಮ್ಮನ ವಿಷಯ.

ತಾಯಿ ಬೇಗ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ದೊಡ್ಡಮ್ಮ. ಬೆಟ್ಟದ ನೆತ್ತಿಯ ತಿರುವಿನಲ್ಲಿ, ರಸ್ತೆಗೆ ಮುಖ ಮಾಡಿ ಹೂಗಿಡ ಮಾರುತ್ತಿದ್ದ ಗಟ್ಟಿ ಹೆಂಗಸು. ಒಂದು ವರ್ಷ ದೊಡ್ಡಮ್ಮನಿಗೆ ಮೈ ಹುಷಾರಿಲ್ಲ ಎಂದು ತಿಳಿದು ಪರದೆ ಅಕ್ಕ ಫೋನು ಮಾಡಿದ್ದಳು: "ನಾಳೆ ನಿನ್ನ ಮನೆ ಮುಂದೇನೇ ಬರ್ತೀವಿ, ಇಳಿದು ನೋಡ್ಕೊಂಡು ಹೋಗ್ತೀನಿ." ಮರುದಿನ ಕಾರು ತಿರುವಿಗೆ ಬಂದಾಗ ದೊಡ್ಡಮ್ಮ ಒಗೆದ ಬಟ್ಟೆ ಉಟ್ಟು ರಸ್ತೆಯಂಚಿಗೆ ಬಂದು ನಿಂತಿದ್ದಳು. ಒಂದು ಕಂಕುಳಲ್ಲಿ ಸಾಕುಮಗಳಿಗೆಂದು ಇಟ್ಟ ಗಿಡದ ಕುಂಡ. ಇನ್ನೊಂದು ಕೈ ಮೇಲಕ್ಕೆ. ಹಿಂದೆ ಗೆಳೆಯನ ಕಾರು ಕಾಣಿಸಿತ್ತು. ಮಿಂಚು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಲಿಲ್ಲ. "ನಿಲ್ಸೀ, ದೊಡ್ಡಮ್ಮಾ!" ಎಂದು ಇವಳು ಕಿರುಚಿದಳು. "ಬರುವಾಗ, ಬರುವಾಗ" ಎಂದ ಅವನು. ಹಿಂದಿನ ಗಾಜಿನಲ್ಲಿ ಆ ಕೈ ಇಳಿಯದೆ ಹಾಗೇ ನಿಂತಿತ್ತು, ತಿರುವು ಮುಚ್ಚುವವರೆಗೆ. ಬರುವಾಗ ಮನೆಯ ದೀಪ ಆರಿತ್ತು. "ಮಲಗಿರ್ತಾರೆ, ಎಬ್ಬಿಸೋದು ಬೇಡ" ಎಂದ.

ಆ ವಾರ ಕಳೆಯುವುದರೊಳಗೆ ದೊಡ್ಡಮ್ಮ ಹೋದಳು. ಮಣ್ಣಿಗೆ ಬಂದ ನೆಂಟರ ಮುಂದೆ ಮಿಂಚು ಮುಖ ಸಪ್ಪೆ ಮಾಡಿಕೊಂಡು ಹೇಳಿದ: "ನಾನು ನೋಡ್ಲೇ ಇಲ್ಲ. ನೋಡಿದ್ರೆ ನಿಲ್ಲಿಸ್ತಿರ್ಲಿಲ್ವಾ?" ಪರದೆ ಅಕ್ಕ ಆಗ ಬಾಯಿ ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ. ಅವನ ಅಂಗಿಗೆ ಗುಂಡಿ ಹಾಕಿದಳು, ತಟ್ಟೆಗೆ ಬಡಿಸಿದಳು, ಅವನ ಕೆಮ್ಮಿಗೆ ಬಿಸಿನೀರು ಕೊಟ್ಟಳು. ಹೊಟ್ಟೆಯೊಳಗಿನ ಕೆಂಡ ಮಾತ್ರ ಆರದ ಹಾಗೆ ಜೋಪಾನ ಮಾಡಿಕೊಂಡು ಬಂದಳು. ಒಂದು ದಿನ ಕಾರಿನ ಕೀಲಿ ತನ್ನ ಕೈಗೆ ಬಂದೇ ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಬಂತು. ಮಿಂಚುವಿನ ಕಣ್ಣಿನ ಪೊರೆ ತೆಗೆದ ಡಾಕ್ಟರು, ಸದ್ಯಕ್ಕೆ ಕಾರು ಮುಟ್ಟಬೇಡಿ ಎಂದರು. ಗೆಳೆಯರ ಊಟ ಹತ್ತಿರದಲ್ಲೇ ಇತ್ತು.

"ಟ್ಯಾಕ್ಸಿ ಹೇಳ್ತೀನಿ" ಎಂದ ಅವನು, ಕಪ್ಪು ಕನ್ನಡಕದೊಳಗಿಂದ.

"ಯಾಕೆ? ನಾನು ಓಡಿಸ್ತೀನಿ."

"ನೀನಾ? ಅದೇನು ಹೊಲಿಗೆ ಮಿಷಿನ್ನಾ, ಕೂತ ಕಡೇನೇ ತುಳಿಯೋಕೆ?"

ಅವಳು ಲೈಸೆನ್ಸನ್ನು ಅವನ ಮೂಗಿನ ಹತ್ತಿರ ಹಿಡಿದಳು. ಮಿಂಚು ಕನ್ನಡಕ ಎತ್ತಿ ನೋಡಿದ, ಇಳಿಸಿದ, ಮತ್ತೆ ಎತ್ತಿ ನೋಡಿದ.

ಅಲ್ಲಿಂದಾಚೆ ಅವಳು ದಾರಿಯನ್ನು ಬಟ್ಟೆ ಕತ್ತರಿಸುವ ಶ್ರದ್ಧೆಯಿಂದ ಹೊಂದಿಸಿದಳು. ಅಂಗಡಿಯ ಉದ್ದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ ಬರೆದು, ಅವನು ನಿಲ್ಲಿಸದ ಒಂದೊಂದು ಜಾಗಕ್ಕೂ ಸೊನ್ನೆ ಸುತ್ತಿದಳು. ಕೆರೆಯ ಹತ್ತಿರ ಮಂಜು ಏಳುವ ಹೊತ್ತಿಗೆ ಇರಬೇಕು. ಜಲಪಾತಕ್ಕೆ ಬಿಸಿಲು ಬಿದ್ದ ಮೇಲೆ. ಕಣಿವೆ ಕಾಣುವ ಕಟ್ಟೆಯ ಮೇಲೆ ತಿಂಡಿ. ನಿಧಾನವಾಗಿ ಅಗಿದು ತಿನ್ನುವಂಥ ತಿಂಡಿ. ಪರದೆ ಸಾಗಿಸುವ ವ್ಯಾನ್ ಡ್ರೈವರನನ್ನು ಕರೆದು ಕೇಳಿದಳು.

"ಮಧ್ಯಾಹ್ನದ ಊಟಕ್ಕೆ ಮುಟ್ಬೇಕು ಅಂದ್ರೆ ಹೊಸ ಹೆದ್ದಾರಿ ಹಿಡೀರಿ ಅಕ್ಕ."

"ಮುಟ್ಬಾರ್ದು ಅಂದ್ರೆ?"

ಅವನು ತಲೆ ಕೆರೆದುಕೊಂಡು, ಇನ್ನೂ ಎರಡು ಚೆಂದದ ಜಾಗಗಳ ಗುರುತು ಹೇಳಿದ.

ಕೊನೆಯ ಸೊನ್ನೆ ಬೆಟ್ಟದ ನೆತ್ತಿಯದು. ಅಲ್ಲಿ ಅವನನ್ನು ಇಳಿಸಿ, ದೊಡ್ಡಮ್ಮ ನಿಂತ ಜಾಗದಲ್ಲೇ ನಿಲ್ಲಿಸಿ, ಇಷ್ಟು ವರ್ಷ ಆಡದ ಮಾತನ್ನೆಲ್ಲ ಮುಖಕ್ಕೆ ಹೇಳಬೇಕು. ಮಾತು ಸಿದ್ಧವಾಗಿತ್ತು. ಮಿಷಿನ್ ತುಳಿಯುತ್ತ ತುಳಿಯುತ್ತ ಅವಳಿಗೆ ಬಾಯಿಪಾಠವಾಗಿತ್ತು.

ಹೊರಟ ದಿನ ಕೆರೆಯ ದಂಡೆಯಲ್ಲಿ ಮಿಂಚು ಇನ್ನೂ ನಗುತ್ತಿದ್ದ. ಜಲಪಾತದ ಹತ್ತಿರ ಗಡಿಯಾರ ನೋಡತೊಡಗಿದ. ಕಣಿವೆಯ ಕಟ್ಟೆಯ ಮೇಲೆ ಬಿಸಿ ಕಲ್ಲಿನ ಮೇಲೆ ಕೂತವನಂತೆ ಒದ್ದಾಡಿದ. "ಎಲ್ಲರೂ ಬಂದಿರ್ತಾರೆ ಕಣೇ! ಆ ಕುಳ್ಳ ನನ್ನ ಕುರ್ಚೀಲಿ ಕೂತಿರ್ತಾನೆ!" ಅವಳು ತಿಂಡಿಯನ್ನು ಇನ್ನೊಂದು ಸಲ ಅಗಿದು, ದೂರದ ಹಕ್ಕಿ ತೋರಿಸಿದಳು. ಮದುವೆಯಾದ ಮೇಲೆ ಆ ದಾರಿಯಲ್ಲಿ ಅವಳಿಗೆ ಅಷ್ಟು ಸುಖ ಎಂದೂ ಸಿಕ್ಕಿರಲಿಲ್ಲ.

ನೆತ್ತಿಯ ತಿರುವಿನಲ್ಲಿ ಕಾರು ನಿಂತಿತು. ದೊಡ್ಡಮ್ಮನ ಮನೆ ಬಿದ್ದುಹೋಗಿತ್ತು. ಅಂಗಳದಲ್ಲಿ ಒಡೆದ ಕುಂಡಗಳು, ಮೊಣಕಾಲೆತ್ತರಕ್ಕೆ ಉಳಿದ ಗೋಡೆ. ಎದುರಿಗೆ ಒಂದು ಚಹಾದಂಗಡಿ.

"ಇಳೀರಿ."

ಮಿಂಚು ಇಳಿದ. ಸೊಂಟದ ಮೇಲೆ ಕೈಯಿಟ್ಟು ಅತ್ತ ಇತ್ತ ನೋಡಿದ. "ಇದ್ಯಾವ ಜಾಗ? ಇಲ್ಲೇನಿದೆ ಮಣ್ಣು ನೋಡೋಕೆ?"

ಬೈಗುಳವನ್ನು ಎದುರಿಸಲು ಪರದೆ ಅಕ್ಕ ಸಿದ್ಧಳಾಗಿದ್ದಳು, ಸುಳ್ಳನ್ನು ಎದುರಿಸಲೂ ಸಿದ್ಧಳಾಗಿದ್ದಳು. ಗುರುತೇ ಇಲ್ಲದವನಿಗೆ ಏನು ಹೇಳುವುದು? ಬಾಯಿಪಾಠವೆಲ್ಲ ದಂಡ. ಅವಳು ಕೈ ಚಾಚಿ ಅವನ ಕಡೆಯ ಬಾಗಿಲು ಎಳೆದುಕೊಂಡು ಗೇರ್ ಹಾಕಿದಳು.

"ಏಯ್! ಏಯ್, ನಿಲ್ಸೇ!"

ಕನ್ನಡಿಯಲ್ಲಿ ಅವನು ನಾಲ್ಕು ಹೆಜ್ಜೆ ಓಡಿ, ನಿಂತು, ಕೈ ಎತ್ತಿದ. ಅವಳು ಕಾಲು ತೆಗೆಯಲಿಲ್ಲ.

ಸೀಟಿನ ಮೇಲೆ ಬಿಟ್ಟುಹೋಗಿದ್ದ ಅವನ ಫೋನು ಇಳಿಜಾರಿನುದ್ದಕ್ಕೂ ಬಡಿದುಕೊಂಡಿತು. ಕಡಲು ಕಂಡ ಮೇಲೆ ಕಾರು ನಿಲ್ಲಿಸಿ ಎತ್ತಿದಳು. "ಎಲ್ಲೋ ಮಿಂಚು?" ಎಂದಿತು ಗೆಳೆಯನ ದನಿ.

"ದಾರೀಲಿ ನಿಂತಿದ್ದಾರೆ. ಇವತ್ತು ಬರಲ್ಲ."

ಮರಳಲ್ಲಿ ಕೂತು, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಡಬ್ಬಿ ಬಿಚ್ಚಿ ತನ್ನ ಪಾಲಿನ ಊಟ ಮಾಡಿದಳು. ಆಮೇಲೆ ಅವನ ಪಾಲಿನದನ್ನೂ ಮಾಡಿದಳು. ಅಲೆ ಬಂದು ಪಾದ ನೆನೆಸಿ ಹೋಯಿತು. ಅಯ್ಯೋ ಪಾಪ ಎನ್ನಿಸುತ್ತದೇನೋ ಎಂದು ಕಾದಳು; ಅನ್ನಿಸಲಿಲ್ಲ. ಅತ್ತಳು, ಆದರೆ ಅದು ದೊಡ್ಡಮ್ಮನಿಗಾಗಿ.

ಬಿಸಿಲು ಇಳಿಯುವ ಹೊತ್ತಿಗೆ ತಿರುವಿಗೆ ಮರಳಿದಾಗ ಅವನು ಗೋಡೆಯ ಮೇಲೆ ಕೂತಿದ್ದ. ಮುಖವೆಲ್ಲ ಧೂಳು.

"ಬಸ್ಸಿಗೆ ಕೈ ಮಾಡಿದೆ. ಒಂದೂ ನಿಲ್ಲಿಸ್ಲಿಲ್ಲ" ಎಂದ. "ಚಹಾದವಳು ಹೇಳಿದ್ಲು ಇದು ಯಾರ ಜಾಗ ಅಂತ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಉಜ್ಜಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. "ನಾನು ಆವತ್ತು ನೋಡಿದ್ದೆ. ಕೈ ಎತ್ತಿದ್ರು. ಕುಂಡಾನೂ ಕಂಡಿತ್ತು."

"ಗೊತ್ತು ನನಗೆ."

"ಗೊತ್ತಿದ್ದೂ ಇಷ್ಟು ವರ್ಷ..."

"ಹಿಂದೆ ಕೂತ್ಕೊಳ್ಳಿ. ಮುಂದಿನ ಸೀಟಲ್ಲಿ ಸಾಮಾನಿದೆ."

ಮುಂದಿನ ಸೀಟಿನಲ್ಲಿ ಇದ್ದದ್ದು ಖಾಲಿ ಊಟದ ಡಬ್ಬಿ. ಅವನು ಹಿಂದೆಯೇ ಕೂತ.

ಮರುದಿನ ಬೆಳಿಗ್ಗೆ ಪರದೆ ಅಕ್ಕ ಮನೆಯ ಮಿಷಿನ್ನಿಗೆ ಕೂತು ದಪ್ಪ ಬಟ್ಟೆಯ ಅಂಚು ಮಡಚುತ್ತಿದ್ದಾಗ ನಡುಮನೆಯಲ್ಲಿ ಅವನ ಫೋನು ಬಡಿಯಿತು. "ಹೊಟ್ಟೆ ಕೆಟ್ಟಿತ್ತು ಕಣೋ, ಅದಕ್ಕೇ..." ಎಂದು ಅವನು ಶುರುಮಾಡಿದ. ಅವಳು ತುಳಿಯುವುದನ್ನು ನಿಲ್ಲಿಸಿದಳು. ಮಿಷಿನ್ನಿನ ಸದ್ದು ನಿಂತದ್ದು ಅವನಿಗೂ ಕೇಳಿಸಿತು.

"ಇಲ್ಲ ಕಣೋ" ಎಂದ ಅವನು, ದನಿ ತಗ್ಗಿಸಿ. "ನನ್ನ ಹೆಂಡ್ತಿ ನನ್ನ ರಸ್ತೇಲಿ ಇಳಿಸಿ ಹೋದ್ಲು."

ಆ ಕಡೆಯಿಂದ ನಗು ಸಿಡಿದದ್ದು ಇಲ್ಲಿಯವರೆಗೆ ಕೇಳಿತು. ನಗು ನಿಂತ ಮೇಲೆ ಮಿಂಚು ಫೋನಿಗೆ ಕೈ ಅಡ್ಡ ಹಿಡಿದು ಅವಳತ್ತ ತಿರುಗಿದ.

"ಯಾಕೆ ಅಂತ ಕೇಳ್ತಿದ್ದಾನೆ."

"ಅದನ್ನೂ ಹೇಳಿ" ಎಂದು ಪರದೆ ಅಕ್ಕ ಬಟ್ಟೆಯ ಅಂಚನ್ನು ಸೂಜಿಯ ಕೆಳಗೆ ಸರಿಪಡಿಸಿಕೊಂಡಳು. "ಸ್ವಲ್ಪ ಗಟ್ಟಿಯಾಗಿ ಹೇಳಿ, ನಾನೂ ಕೇಳ್ಬೇಕು."