ಅತ್ತೆಯ ಒಡಪು, ಹಳೇ ಹಾರ್ಡ್ ಡಿಸ್ಕು

ನಮ್ಮ ಕಡೆ ಮದುವೆಯಾಗಿ ಬಂದ ಹೆಣ್ಣು ಗಂಡನ ಹೆಸರು ಹೇಳದೆ ಹೊಸ್ತಿಲು ದಾಟುವ ಹಾಗಿಲ್ಲ. ಬರೀ ಹೆಸರು ಹೇಳಿದರೆ ನಡೆಯದು, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಉಳಿದ ದಿನ ಆ ಹೆಸರನ್ನು ಬಾಯಿಗೂ ತರಬಾರದು. ನನ್ನ ಅತ್ತೆ ಈ ವಿದ್ಯೆಯಲ್ಲಿ ಎತ್ತಿದ ಕೈ. ಕಮಲಾಪುರಕ್ಕೆ ಸೊಸೆಯಾಗಿ ಬಂದಂದಿನಿಂದ ಕಂಡಕಂಡ ಮುದುಕಿಯರನ್ನು ಕಾಡಿ ಬೇಡಿ ಒಡಪು ಕೂಡಿಸಿ, ಬರೆದು ಬರೆದು ಒಂದು ವಹಿ ತುಂಬಿಸಿದ್ದರು. ಸ್ವಂತದವೂ ಇದ್ದವು: ‘ಕಮಲಾಪುರದ ಬಾಳೆಹಣ್ಣು, ಕೆಂಪು ಹೊರಗ, ಸವಿ ಒಳಗ, ರಾಯರ ಸಿಟ್ಟೆಲ್ಲಾ ಮೀಸಿ ತುದಿಯೊಳಗ.’ ರಾಯರ ಮುಂಚೆ ಮಾವನ ಹೆಸರಿದೆ. ಅದನ್ನು ಇಲ್ಲಿ ಬರೆದರೆ ನನಗೆ ಮನೆಯಲ್ಲಿ ಊಟವಿಲ್ಲ.

ಆ ವಹಿಯನ್ನು ಹುಳ ತಿನ್ನುತ್ತಿತ್ತು. ಕಲಬುರಗಿಯ ನಮ್ಮ ಮನೆಯಲ್ಲಿ ಆಗ ಕಂಪ್ಯೂಟರ್ ಇತ್ತು, ನನಗೆ ಕನ್ನಡ ಟೈಪಿಂಗ್ ಬರುತ್ತಿತ್ತು, ಸ್ವಲ್ಪ ಜಂಬವೂ ಇತ್ತು. ಎರಡು ತಿಂಗಳು ಕೂತು ಅಷ್ಟನ್ನೂ ಟೈಪ್ ಮಾಡಿದೆ. "ಇನ್ನ ಇದಕ್ಕ ಸಾವಿಲ್ಲ ನೋಡ್ರಿ ಅತ್ತಿ," ಅಂದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ವಹಿಯನ್ನು ಹಳೇ ಪೇಪರಿನ ಜೊತೆ ರದ್ದಿಯವನಿಗೆ ಹಾಕಿಬಿಟ್ಟೆ. ಸಂಕ್ರಾಂತಿಯ ಹೊತ್ತಿಗೆ ಕರೆಂಟು ಎಗರಿಬಿದ್ದು ಕಂಪ್ಯೂಟರ್ ಸುಟ್ಟು ವಾಸನೆ ಬಂತು. ಸಾವಿಲ್ಲ ಎಂದವಳ ಬಾಯಿಗೆ ಸರಿಯಾಗಿ ಮಣ್ಣು ಬಿತ್ತು.

ಆ ಬೇಸಿಗೆಗೇ ನಾದಿನಿಯ ಮದುವೆ ಗೊತ್ತಾಯಿತು. ಮಗಳಿಗೆ ಒಡಪು ಕಲಿಸಬೇಕೆಂದು ಅತ್ತೆ, ಮಾವ ಇಬ್ಬರೂ ಕಮಲಾಪುರದಿಂದ ಬಂದಿಳಿದರು.

"ವಹಿ ಎಲ್ಲದ?" ಅತ್ತೆ ಕೇಳಿದರು.

ಹೇಳಿದೆ. ಅವರು ಬೈಯಲಿಲ್ಲ. ನನ್ನೊಂದಿಗೆ ಮಾತು ಬಿಟ್ಟರು. ನಾನು ಎದುರಿಗೆ ನಿಂತಿದ್ದರೂ ಮಾವನ ಕಡೆ ತಿರುಗಿ, "ಚಹಾಕ್ಕ ಸಕ್ರಿ ಕಡಿಮಿ ಹಾಕಂತ ಹೇಳ್ರಿ ಅಕಿಗೆ," ಅನ್ನುವರು. ಬೈದಿದ್ದರೆ ವಾಸಿಯಿತ್ತು. ಅವರ ನಲವತ್ತು ವರ್ಷದ ಗಳಿಕೆಯನ್ನು ನಾನು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟಿದ್ದೆ. ನನಗೆ ನಿಜಕ್ಕೂ ಅಳು ಬರುತ್ತಿತ್ತು.

ಉಳಿದಿದ್ದು ಒಂದೇ ಆಸೆ. ಸುಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಕುಬಸದ ಖಣದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೆ. ಅದನ್ನು ಆಮೇಲೆ ಕೊಂಡ ಹೊಸ ಕಂಪ್ಯೂಟರಿಗೆ ಜೋಡಿಸಿ ನೋಡಲು ಮೋಮಿನಪುರದಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ.

"ಹೋಗಲಿ ಬಿಡವಾ, ಅವೇನ್ ವೇದಾನ? ಸತ್ತದ್ದನ್ನ ಯಾಕ ಕೆದರ್ತಿ?" ಅಂದರು ಮಾವ. ಪಾಪ, ಖರ್ಚಿನ ಚಿಂತೆ ಅಂದುಕೊಂಡೆ.

ಮೆಕ್ಯಾನಿಕ್ ಹೊಸ ಡಬ್ಬಿಯ ಮಗ್ಗುಲು ಬಿಚ್ಚಿದ. ಹೊಸ ಡಿಸ್ಕಿಗೆ ಸಪೂರ ವೈರು, ಹಳೆಯದಕ್ಕೆ ಅಂಗೈ ಅಗಲದ ಪಟ್ಟಿ. ಅಂಥ ಪಟ್ಟಿ ಹೊಸದರಲ್ಲಿ ಇದ್ದದ್ದು ಒಂದೇ, ಅದು ಸೀಡಿ ಓಡಿಸುವ ಡ್ರೈವಿಗೆ ಹೋಗಿತ್ತು. ಅದರ ನಡುವಿನ ಕೊಂಡಿಗೆ ನಮ್ಮ ಡಿಸ್ಕನ್ನು ಸಿಕ್ಕಿಸಿ ಚಾಲೂ ಮಾಡಿದ. ಡಿಸ್ಕು ಗುರ್ ಎಂದಿತು, ಪರದೆಯ ಮೇಲೆ ಮಾತ್ರ ಅದರ ಸುಳಿವಿಲ್ಲ.

"ಸೀಡಿ ಡ್ರೈವು, ಈ ಡಿಸ್ಕು ಎರಡೂ ಯಜಮಾನ ಆಗಿ ಕುಂತಾವ್ರೀ ಮೇಡಂ. ಒಂದಕ್ಕ ಕೆಳಗ ಇಳಸಬೇಕು," ಎಂದ. ಡಿಸ್ಕಿನ ಹಿಂದಿನ ಸೂಜಿಮೊನೆಗಳ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಟೋಪಿಯೊಂದಿತ್ತು. ನಾನು ಹುಬ್ಬು ತಿದ್ದುವ ಚಿಮಟ ಇಸಕೊಂಡು ಅದನ್ನು ಒಂದು ಮನೆ ಸರಿಸಿದ. ಈ ಸಲ ಡಿಸ್ಕು ಕಾಣಿಸಿತು. ನಾನು ಆತುರದಿಂದ ಫೈಲ್ ತೆರೆದೆ. ತುಂಬ ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನೆಚಿಹ್ನೆ.

ಬೆನ್ನ ಹಿಂದೆ ನಿಂತಿದ್ದ ಅತ್ತೆ ಮಾವನಿಗೆ ಹೇಳಿದರು: "ನಾ ಇಂಗ್ಲಿಷಿನ್ಯಾಗ ಹೇಳಿದ್ನೇನು, ಕೇಳ್ರಿ ಅಕಿಗೆ."

"ವೈರಸ್ ಹೊಕ್ಕದ್ರೀ," ಎಂದ ಮೆಕ್ಯಾನಿಕ್. "ಖಲಾಸ್."

"ನಾ ಹೇಳಿದ್ದಿಲ್ಲೇನು? ಬಂದ್ ಮಾಡ್ರಿ ಇನ್ನ," ಅಂದರು ಮಾವ. ಅವರ ದನಿಯಲ್ಲಿ ಏನೋ ಗೆಲುವಿತ್ತು. ನನಗೆ ರೇಗಿತು. ರೇಗಿದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಹೊಸ ಕಂಪ್ಯೂಟರಿನಲ್ಲಿ ನಾನು ಆಗ ಬಳಸುತ್ತಿದ್ದ ಕನ್ನಡ ಫಾಂಟೇ ಇರಲಿಲ್ಲ! ಅದೂ ಹಳೇ ಡಿಸ್ಕಿನಲ್ಲೇ ಇರಬೇಕಲ್ಲ. ಹುಡುಕಿ ತಂದು ಇಳಿಸಿದೆ. ಫೈಲನ್ನು ಮತ್ತೆ ತೆರೆದದ್ದೇ ಕಂಸಗಳೆಲ್ಲ ಕನ್ನಡವಾಗಿ ಎದ್ದು ಕೂತವು.

"ಬಂದವಲ್ಲವಾ!" ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನೇರ ನನಗೇ ಅಂದ ಮಾತು, ಹನ್ನೊಂದು ದಿನದ ಮೇಲೆ.

ನಾನು ಮಾಡಿದ್ದು ಎರಡು ಫೈಲು. ಅಲ್ಲಿ ಮೂರನೆಯದೊಂದಿತ್ತು. ತೆರೆದೆ. ಒಂದೇ ಒಂದು ಒಡಪು:

‘ಬ್ಯಾಳಿ ಕುದಿತದ ಒಲಿ ಮ್ಯಾಲ, ಘಮಾ ಹೋಗ್ತದ ಓಣಿ ತನಕ;
........ಳ ಕೈ ಊಟ ಇರಲಿ ನನಗ ಕಡೀ ತನಕ.’

ಮಾವ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದವರು, ಕನ್ನಡ ಟೈಪ್‌ರೈಟರಿನಲ್ಲಿ ಪಳಗಿದ ಕೈ. ಹಿಂದಿನ ವರ್ಷ ಕಣ್ಣಿನ ಆಪರೇಷನ್ನಿಗೆಂದು ನಮ್ಮಲ್ಲಿ ಬಂದಿದ್ದಾಗ ಮಧ್ಯಾಹ್ನವೆಲ್ಲ ಇಸ್ಪೀಟಾಡುತ್ತೇನೆ ಎಂದು ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನಮ್ಮಲ್ಲಿ ಒಡಪು ಹೇಳುವುದು ಹೆಂಗಸರ ಪಾಲು. ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದು "ಏ, ಕೇಳಿಲ್ಲಿ" ಅಂತ ಅಷ್ಟೇ.

ಅತ್ತೆ ಎರಡು ಸಲ ಓದಿಕೊಂಡರು. ಮಾವ ಬಾಗಿಲ ಕಡೆ ಹೆಜ್ಜೆ ಇಟ್ಟಿದ್ದರು.

"ಎಲ್ಲಿ ಹೊಂಟ್ರಿ? ಚುಕ್ಕಿ ಯಾಕ ಇಟ್ಟೀರಿ ಇಲ್ಲಿ?"

"ಹಂಗ... ಸುಮ್ನ ಬರದೀನಿ."

"ನಾ ಸಾವಿರ ಮಂದಿ ಮುಂದ ಹೇಳೀನಿ ನಿಮ್ಮ ಹೆಸರು. ಇಲ್ಲಿ ಇರೋವ್ರು ಮೂರು ಮಂದಿ. ಬಾಯಿ ಬಿಟ್ಟು ಹೇಳ್ರಿ."

ಮೆಕ್ಯಾನಿಕ್ ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಿದ. ಮಾವ ಗಂಟಲು ಸರಿಮಾಡಿಕೊಂಡು, ಗೋಡೆ ನೋಡುತ್ತ ಒಡಪು ಶುರುಮಾಡಿದರು: ಬೇಳೆ ಕುದಿಸಿದರು, ಓಣಿ ತನಕ ಹೋದರು, ಅಲ್ಲಿ ನಿಂತರು. ಅತ್ತೆ ಕಾದರು. ಕಡೆಗೆ ಆ ಹೆಸರು ಹೊರಗೆ ಬಂತು, ಮೂರೇ ಅಕ್ಷರ.

"ಓ," ಎಂದು ಓಗೊಟ್ಟರು ಅತ್ತೆ.